ತಪಸ್ಸುಕಾಲದ ಆತ್ಮಶೋಧನೆ ಚೀಟಿ: ಮಲೆನಾಡಿನ ವಿದ್ಯಾರ್ಥಿಗೆ ಎಷ್ಟು ಉಪಯೋಗ?

ಈಸ್ಟರಿಗೆ ಮುಂಚಿನ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಕಳೆಯಿತೆಂದರೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಕಥೋಲಿಕ ಚರ್ಚುಗಳಲ್ಲಿ ಒಂದು ಚೀಟಿ ಓಡಾಡಲು ಶುರುವಾಗುತ್ತದೆ. ಒಂದು ಹಾಳೆಯನ್ನು ನಡುವೆ ಮಡಚಿ ಮಾಡಿದ ನಾಲ್ಕು ಪುಟ. ಮೇಲೆ ಶಿಲುಬೆಯ ಚಿತ್ರ, ಒಳಗೆ ಬೈಬಲಿನ ಹತ್ತು ಆಜ್ಞೆಗಳ ಕ್ರಮದಲ್ಲಿ ಪ್ರಶ್ನೆಗಳ ಸಾಲು, ಹಿಂಬದಿಯಲ್ಲಿ ಪಶ್ಚಾತ್ತಾಪದ ಜಪ. ಪಾಪನಿವೇದನೆಗೆ, ಅಂದರೆ ಫಾದರ್ ಮುಂದೆ ಪಾಪ ಹೇಳಿ ಕ್ಷಮೆ ಪಡೆಯುವ ಸಂಸ್ಕಾರಕ್ಕೆ, ಹೋಗುವ ಮುಂಚೆ ಓದಿಕೊಳ್ಳಲೆಂದು ಕೊಡುತ್ತಾರೆ. ಕೊಂಕಣಿ ಮನೆಗಳಲ್ಲಿ ಕುಮ್ಸಾರಿನ ಚೀಟಿ ಎಂದರೇ ಎಲ್ಲರಿಗೂ ಗೊತ್ತು. ದುಡ್ಡೇನೂ ಇಲ್ಲ, ಕಾಣಿಕೆ ಡಬ್ಬಿಗೆ ಹಾಕಿದರೆ ಹಾಕಿದಿರಿ, ಇಲ್ಲದಿದ್ದರೆ ಇಲ್ಲ.

ಈಗ ಇದೇ ಪ್ರಶ್ನೆಗಳು ವಾಟ್ಸಾಪಿನಲ್ಲಿ ಪಿಡಿಎಫ್ ಆಗಿ ಬರುತ್ತವೆ, ಆ್ಯಪ್‌ಗಳಲ್ಲೂ ಇವೆ. ಪಿಯುಸಿ, ಡಿಗ್ರಿ, ನರ್ಸಿಂಗ್ ಓದುತ್ತಿರುವ ಹುಡುಗ ಹುಡುಗಿಯರ ಕೈಯಲ್ಲಿ ಈ ಚೀಟಿ ಎಷ್ಟು ಕೆಲಸ ಮಾಡುತ್ತದೆ ಎಂಬುದಷ್ಟೇ ಇಲ್ಲಿನ ವಿಚಾರ. ಸಂಸ್ಕಾರಕ್ಕೆ ಅಂಕ ಕೊಡುವ ಉದ್ದೇಶವಿಲ್ಲ. ಅದಕ್ಕೆ ಸಿದ್ಧವಾಗಲು ಕೊಡುವ ಕಾಗದವನ್ನು ಮಾತ್ರ ತೂಗಿ ನೋಡಬಹುದು, ನೋಡಲೇಬೇಕು. ಊರೂರಿಗೂ ಬೇರೆ ಬೇರೆ ಅಚ್ಚು ಇರುವುದರಿಂದ ಯಾವುದೇ ಒಂದು ಚರ್ಚಿನ ಹೆಸರು ಹಿಡಿದು ಹೇಳುತ್ತಿಲ್ಲ. ಬಹುಪಾಲು ಚೀಟಿಗಳ ಒಳಗಿನ ಸರಕು ಒಂದೇ.

ತೀರ್ಪು ಮೊದಲೇ ಹೇಳಿಬಿಡುವುದಾದರೆ: ಒಬ್ಬನೇ ಕೂತು ಮಾಡಿದ ಪಾಪವನ್ನು ಹುಡುಕಿಕೊಡುವುದರಲ್ಲಿ ಈ ಚೀಟಿ ಗಟ್ಟಿ. ಹತ್ತು ಜನ ಸೇರಿ ಮಾಡಿ, ಹನ್ನೊಂದನೆಯವನು ಲಾಭ ಉಂಡ ಪಾಪ ಅದರ ಕಣ್ಣಿಗೆ ಬೀಳುವುದಿಲ್ಲ. ಧರ್ಮಸಭೆಯ ಬೋಧನೆಯಲ್ಲಿ ಎರಡೂ ಇವೆ, ಚೀಟಿಯಲ್ಲಿ ಒಂದೇ ಇದೆ.

ಯಾರ ಕೈಗೆ ಹೋಗುತ್ತದೆ

ಶಿವಮೊಗ್ಗ ಧರ್ಮಕ್ಷೇತ್ರ (ಒಬ್ಬ ಬಿಷಪರ ಆಡಳಿತದ ಪ್ರದೇಶ) ಹುಟ್ಟಿದ್ದು 1988ರಲ್ಲಿ. ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಮೂರೂ ಜಿಲ್ಲೆ ಅದರೊಳಗೆ ಬರುತ್ತವೆ. ಕೊಪ್ಪ, ಬಾಳೆಹೊನ್ನೂರು ಕಡೆಯ ಎಸ್ಟೇಟ್ ಕುಟುಂಬಗಳು 1963ರಲ್ಲಿ ಆದ ಚಿಕ್ಕಮಗಳೂರು ಧರ್ಮಕ್ಷೇತ್ರದವು. ಆದರೆ ಮಕ್ಕಳು ಓದಲಿಕ್ಕೆ ಬರುವುದು ಶಿವಮೊಗ್ಗದ ಹಾಸ್ಟೆಲುಗಳಿಗೆ. ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಕೃಷಿಕರ ಮಕ್ಕಳು, ಭದ್ರಾವತಿಯ ಕಬ್ಬಿಣ ಮತ್ತು ಕಾಗದ ಕಾರ್ಖಾನೆಗಳನ್ನು ನಂಬಿ ಬಂದ ತಮಿಳು, ತೆಲುಗು ಮನೆಗಳ ಮಕ್ಕಳು, ಎಸ್ಟೇಟ್ ಲೈನಿನಲ್ಲಿ ಬೆಳೆದವರು, ಕನ್ನಡವೇ ಮನೆಮಾತಾದವರು, ಎಲ್ಲ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಬಿ.ಎಚ್. ರಸ್ತೆಯ ಪವಿತ್ರ ಹೃದಯ ಪ್ರಧಾನಾಲಯದಂಥ ದೊಡ್ಡ ಚರ್ಚಿನಲ್ಲಿ ಆ ಸಾಲಿನಲ್ಲಿರುವವರು ಒಬ್ಬರಿಗೊಬ್ಬರು ಪರಿಚಿತರಾಗಿರಬೇಕೆಂದಿಲ್ಲ. ತೋಟ ಇರುವವರ ಮಗಳೂ ಅದೇ ತೋಟಕ್ಕೆ ಕೂಲಿಗೆ ಹೋಗುವವರ ಮಗನೂ ಒಂದೇ ಚೀಟಿ ಹಿಡಿದಿರುತ್ತಾರೆ. ಇಬ್ಬರಿಗೂ ಕೇಳುವ ಪ್ರಶ್ನೆ ಒಂದೇ: ಕದ್ದಿದ್ದೀಯಾ? ಚೀಟಿಯ ಬಲವೂ ದೌರ್ಬಲ್ಯವೂ ಈ ಸಾಲಿನಲ್ಲೇ ಇವೆ.

ಗಟ್ಟಿ ಇರುವ ಕಡೆ

ಹತ್ತು ಆಜ್ಞೆಗಳ ಕ್ರಮ ಒಳ್ಳೆಯ ಆಯ್ಕೆ. ಮನಸ್ಸಿಗೆ ತೋಚಿದ್ದನ್ನು ಮಾತ್ರ ಹೇಳಿ ಎದ್ದುಬರುವ ಅಭ್ಯಾಸವನ್ನು ಅದು ತಪ್ಪಿಸುತ್ತದೆ. ಭಾನುವಾರದ ಬಲಿಪೂಜೆ ತಪ್ಪಿಸಿದ್ದು ಎಲ್ಲರಿಗೂ ನೆನಪಿರುತ್ತದೆ. ಸುಳ್ಳು ಸಾಕ್ಷಿ ಹೇಳಬೇಡ ಎಂಬ ಎಂಟನೆಯ ಆಜ್ಞೆಯ ಕೆಳಗೆ ಬರುವ ಚಾಡಿ, ಸುಳ್ಳು ಸುದ್ದಿ, ಇನ್ನೊಬ್ಬರ ಗುಟ್ಟು ಬಯಲು ಮಾಡಿದ್ದು ಇವೆಲ್ಲ ಚೀಟಿ ನೋಡದಿದ್ದರೆ ನೆನಪಾಗುವುದೇ ಇಲ್ಲ. ಹಾಸ್ಟೆಲ್ ಹುಡುಗರಿಗೆ ಎಂಟನೆಯದು ಕೊಲ್ಲಬೇಡ ಎಂಬ ಐದನೆಯದಕ್ಕಿಂತ ದೊಡ್ಡ ಆಜ್ಞೆ ಎನ್ನಬೇಕು. ಒಂದು ಸ್ಕ್ರೀನ್‌ಶಾಟಿನಿಂದ ಒಬ್ಬಳ ಓದೇ ನಿಂತುಹೋಗಬಹುದು.

ಬಳಸುವ ಕ್ರಮ ಹೀಗಿದ್ದರೆ ಒಳ್ಳೆಯದು. ಸಾಲಿನಲ್ಲಿ ನಿಂತುಕೊಂಡು ಮೊದಲ ಸಲ ಓದಬೇಡಿ. ಹಿಂದಿನ ರಾತ್ರಿ ಹದಿನೈದು ಇಪ್ಪತ್ತು ನಿಮಿಷ ಇಟ್ಟುಕೊಂಡು ಕೂರಿ, ಮೊದಲು ಪವಿತ್ರಾತ್ಮರಿಗೆ ಒಂದು ಚಿಕ್ಕ ಪ್ರಾರ್ಥನೆ, ಆಮೇಲೆ ಪ್ರಶ್ನೆಗಳು. ನಿಮಗೆ ಸಂಬಂಧವೇ ಇಲ್ಲದ ಪ್ರಶ್ನೆ ಬಂದರೆ ಮುಂದೆ ಹೋಗಿ. ಸಂಬಂಧ ಇರುವುದಕ್ಕೆ ಎರಡು ವಿಷಯ ಗುರುತು ಮಾಡಿಕೊಳ್ಳಿ: ಯಾವ ಬಗೆ, ಎಷ್ಟು ಸಲ. ಧರ್ಮಸಭೆಯ ಕಾನೂನಾದ 1983ರ ಕ್ಯಾನನ್ ಕಾನೂನಿನ 988ನೆಯ ವಿಧಿ ಘೋರ ಪಾಪಗಳ ವಿಷಯದಲ್ಲಿ ಕೇಳುವುದು ಇದನ್ನೇ. ಲೆಕ್ಕ ನೆನಪಿಲ್ಲದಿದ್ದರೆ "ತಿಂಗಳಿಗೆ ಎರಡು ಮೂರು ಸಲ, ಒಂದು ವರ್ಷದಿಂದ" ಎಂದರೆ ಸಾಕು. ಕಥೆ ಬೇಡ, ಬೇರೆಯವರ ಹೆಸರು ಬೇಡವೇ ಬೇಡ. ಹೊಸಬರು ಎಡವುವುದು ಇಲ್ಲೇ. ತಮ್ಮ ಪಾಪ ಹೇಳಲು ಹೋಗಿ ರೂಮ್‌ಮೇಟ್‌ನ ಪಾಪವನ್ನೆಲ್ಲ ಹೇಳಿ ಬರುತ್ತಾರೆ.

ಒಳಗೆ ಹೋದ ಮೇಲೆ ಶಿಲುಬೆ ಗುರುತು, ಹಿಂದಿನ ಪಾಪನಿವೇದನೆ ಆಗಿ ಎಷ್ಟು ಕಾಲವಾಯಿತು, ಪಾಪಗಳು, ಫಾದರ್ ಹೇಳುವ ಬುದ್ಧಿಮಾತು ಮತ್ತು ಪ್ರಾಯಶ್ಚಿತ್ತ, ಪಶ್ಚಾತ್ತಾಪದ ಜಪ, ಪಾಪಕ್ಷಮೆ. ಸಾಮಾನ್ಯವಾಗಿ ಐದು ನಿಮಿಷ ಸಾಕು. ಜಪ ಬಾಯಿಗೆ ಬರದಿದ್ದರೆ ಚೀಟಿ ನೋಡಿ ಓದಬಹುದು, ಸ್ವಂತ ಮಾತಿನಲ್ಲೂ ಹೇಳಬಹುದು. ಮುಖ ಕಾಣದಂತೆ ಜಾಲರಿಯ ಹಿಂದೆ ಕೂರುವ ಹಕ್ಕು ನಿಮಗಿದೆ. ಫಾದರ್ ಪರಿಚಯದವರೆಂಬ ಮುಜುಗರವಿದ್ದರೆ ಬೇರೆ ಧರ್ಮಕೇಂದ್ರಕ್ಕೆ ಹೋಗುವ ಸ್ವಾತಂತ್ರ್ಯವೂ ಇದೆ. ಘೋರ ಪಾಪವೊಂದನ್ನು ಮರೆತು ಬಂದಿದ್ದರೆ ಅದೂ ಕ್ಷಮೆಯೊಳಗೆ ಸೇರಿತು, ಮುಂದಿನ ಸಲ ಹೇಳಿದರಾಯಿತು. ಬೇಕೆಂದೇ ಮುಚ್ಚಿಟ್ಟಿದ್ದರೆ ಮಾತ್ರ ಇಡೀ ಪಾಪನಿವೇದನೆಯೇ ಊರ್ಜಿತವಲ್ಲ. ಇಷ್ಟನ್ನು ನಾಲ್ಕು ಸಾಲಿನಲ್ಲಿ ಅಚ್ಚು ಹಾಕಬಹುದಿತ್ತು. ಹೆಚ್ಚಿನ ಚೀಟಿಗಳಲ್ಲಿ ಇರುವುದಿಲ್ಲ. ಹೀಗಾಗಿ ದೃಢೀಕರಣ ಸಂಸ್ಕಾರವಾದ ಮೇಲೆ ಚರ್ಚಿನ ಆ ಮೂಲೆಗೇ ಹೋಗದೆ ವರ್ಷಗಟ್ಟಲೆ ಕಳೆಯುವವರಿದ್ದಾರೆ.

ಅಚ್ಚಿನ ದೋಷ

ದೊಡ್ಡ ದೋಷವೆಂದರೆ ಎಲ್ಲ ಪ್ರಶ್ನೆಗಳೂ ಒಂದೇ ಗಾತ್ರದ ಅಕ್ಷರದಲ್ಲಿ ಇರುವುದು. ಪ್ರಾರ್ಥನೆ ಮಾಡುವಾಗ ಮನಸ್ಸು ಹರಿದಾಡಿತೇ ಎಂಬುದರ ಪಕ್ಕದಲ್ಲೇ ಗರ್ಭಪಾತಕ್ಕೆ ನೆರವಾದಿಯಾ ಎಂದು ಕೇಳಿದರೆ ಹದಿನೇಳರ ಹುಡುಗಿಗೆ ಯಾವುದರ ತೂಕ ಎಷ್ಟೆಂದು ಹೇಗೆ ತಿಳಿಯಬೇಕು? 1992ರಲ್ಲಿ ಬಂದ ಧರ್ಮೋಪದೇಶ ಗ್ರಂಥ (ಕ್ಯಾಟೆಕಿಸಂ, ಕಥೋಲಿಕ ಬೋಧನೆಗಳ ಅಧಿಕೃತ ಸಂಗ್ರಹ) ಘೋರ ಪಾಪಕ್ಕೆ ಮೂರು ಷರತ್ತು ಹಾಕುತ್ತದೆ: ವಿಷಯ ಗಂಭೀರವಾಗಿರಬೇಕು, ಪೂರ್ಣ ಅರಿವಿರಬೇಕು, ಮನಸಾರೆ ಒಪ್ಪಿ ಮಾಡಿರಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಅದು ಲಘು ಪಾಪ. ಈ ಮೂರು ಷರತ್ತು ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರಬೇಕು.

ಬಾರದಿದ್ದರೆ ಏನಾಗುತ್ತದೆ? ಸೂಕ್ಷ್ಮ ಮನಸ್ಸಿನ ಮಕ್ಕಳು ಚೀಟಿಯ ಪ್ರತಿ ಪ್ರಶ್ನೆಗೂ ಹೌದು ಎನ್ನುತ್ತಾರೆ. ಹೇಳಿದ ಪಾಪವನ್ನೇ ಮತ್ತೆ ಹೇಳಲು ಮರುವಾರ ಬರುತ್ತಾರೆ. ಸರಿಯಾಗಿ ಹೇಳಿದೆನೋ ಇಲ್ಲವೋ ಎಂಬ ಅನುಮಾನ ನಿದ್ದೆ ಕೆಡಿಸುತ್ತದೆ. ಇದಕ್ಕೆ ಹಳೆಯ ಗುರುಗಳು ಹೇಳುತ್ತಿದ್ದ ಉಪಾಯ ಈಗಲೂ ಸರಿ: ಒಬ್ಬರೇ ಫಾದರ್ ಬಳಿ ಹೋಗಿ, ಅವರು ಸಾಕು ಎಂದದ್ದನ್ನು ನಂಬಿ, ಕ್ಷಮೆಯಾದ ಪಾಪವನ್ನು ಮತ್ತೆ ಎತ್ತಬೇಡಿ, ಉದ್ದನೆಯ ಪ್ರಶ್ನಾವಳಿಯನ್ನು ಮುಟ್ಟಲೇಬೇಡಿ. ಆದರೂ ಅದೇ ಯೋಚನೆ ಗಂಟೆಗಟ್ಟಲೆ ಸುತ್ತುತ್ತಿದ್ದರೆ ಮನೋವೈದ್ಯರನ್ನು ಕಾಣಬೇಕು, ಪ್ರಾರ್ಥನೆ ಕಡಿಮೆಯಾಯಿತೆಂದು ಬೈಸಿಕೊಳ್ಳಬೇಕಾಗಿಲ್ಲ. 14416ಕ್ಕೆ ಕರೆ ಮಾಡಿದರೆ ಸರಕಾರದ ಟೆಲಿ ಮನಸ್ ಸೇವೆ ಸಿಗುತ್ತದೆ, ಹಣ ಕೊಡಬೇಕಿಲ್ಲ. ಒಂದು ಸಾಲಿನ ಸಲಹೆ ಚೀಟಿಯ ಅಡಿಯಲ್ಲಿದ್ದರೆ ಯಾರ ಭಕ್ತಿಗೂ ಕುಂದಾಗುವುದಿಲ್ಲ.

ವ್ಯಭಿಚಾರ ಮಾಡಬೇಡ ಎಂಬ ಆರನೆಯ ಆಜ್ಞೆಯ ಕೆಳಗಿನ ಪ್ರಶ್ನೆಗಳು ಇನ್ನೂ ಅಪಾಯದವು. ನೀನು ಏನು ಮಾಡಿದೆ ಎಂದು ಕೇಳುತ್ತವೆ, ನಿನಗೆ ಯಾರಾದರೂ ಏನಾದರೂ ಮಾಡಿದರೇ ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಬಲವಂತಕ್ಕೆ ಸಿಕ್ಕ ಮಗು ಅದನ್ನು ತನ್ನ ಪಾಪವೆಂದೇ ಎಣಿಸಿ ಜಾಲರಿಯ ಮುಂದೆ ಕೂರುತ್ತದೆ. ನಿನ್ನ ಮೇಲೆ ಆದ ದೌರ್ಜನ್ಯ ನಿನ್ನ ಪಾಪವಲ್ಲ ಎಂಬ ಒಂದು ವಾಕ್ಯವನ್ನು ಸೇರಿಸಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಇನ್ನೊಂದು ತಾಂತ್ರಿಕ ವಿಷಯ ಇಲ್ಲಿ ತಿಳಿದಿರಬೇಕು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಫಾದರ್ ಯಾರಿಗೂ, ಯಾವ ಕಾರಣಕ್ಕೂ ಹೇಳುವಂತಿಲ್ಲ. 983ನೆಯ ವಿಧಿಯ ಈ ಮುದ್ರೆಗೆ ವಿನಾಯಿತಿಯೇ ಇಲ್ಲ. ಹಾಗಾಗಿ ನೆರವು ಬೇಕಿದ್ದರೆ ಅದೇ ಮಾತನ್ನು ಸಂಸ್ಕಾರದ ಹೊರಗೆ, ನಂಬಿಕೆಯ ಒಬ್ಬ ಹಿರಿಯರ ಬಳಿ ಹೇಳಬೇಕು. ಹದಿನೆಂಟರೊಳಗಿನವರಿಗೆ 1098 ಸಹಾಯವಾಣಿ ಇದೆ.

ಕಾಣದ ಪಾಪ

ಈಗ ಮುಖ್ಯ ತಕರಾರಿಗೆ ಬರೋಣ. ಕದಿಯಬೇಡ ಎಂಬ ಏಳನೆಯ ಆಜ್ಞೆಯ ಕೆಳಗೆ ಚೀಟಿ ಕೇಳುವುದು ಪೆನ್ನು, ಪುಸ್ತಕ, ಅಮ್ಮನ ಪರ್ಸಿನ ನೋಟು. ಅಡಿಕೆ ಸೀಮೆಯಲ್ಲಿ ಏಳನೆಯ ಆಜ್ಞೆ ಮುರಿಯುವುದು ಬೇರೆ ಜಾಗದಲ್ಲಿ. ತಪಸ್ಸುಕಾಲ ಬರುವ ಹೊತ್ತಿಗೆ ಕೊಯ್ಲಿನ ಕೊನೆ, ಅಡಿಕೆ ಸುಲಿದ ಹೆಂಗಸರ ಲೆಕ್ಕ ಚುಕ್ತಾ ಮಾಡುವ ಸಮಯ. ಸುಲಿದ ಅಡಿಕೆಯನ್ನು ತೂಗುವ ಕೈ ಯಾರದು, ದರ ಗೊತ್ತುಮಾಡುವಾಗ ಮಾತು ಯಾರದು, ಮುಂಗಡ ಮುರಿದುಕೊಳ್ಳುವ ಲೆಕ್ಕದ ಪುಸ್ತಕ ಯಾರ ಮನೆಯಲ್ಲಿದೆ, ಅಡಿಕೆ ಗೊನೆ ಇಳಿಸಲು ಹತ್ತಿ ಮರದಿಂದ ಬಿದ್ದ ಕೊನೆಗಾರನ ಆಸ್ಪತ್ರೆ ಬಿಲ್ಲು ಯಾರ ಪಾಲಿಗೆ ಬಂತು? ಕೂಲಿಯವನ ಸಂಬಳವನ್ನು ಹೊತ್ತು ಮುಳುಗುವುದರೊಳಗೆ ಕೊಡು ಎನ್ನುತ್ತದೆ ಬೈಬಲಿನ ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ. ತಡೆಹಿಡಿದ ಕೂಲಿ ಕೂಗುತ್ತಿದೆ ಎನ್ನುತ್ತಾನೆ ಯಾಕೋಬ, 5ನೆಯ ಅಧ್ಯಾಯದ 4ನೆಯ ವಚನದಲ್ಲಿ. ಸ್ವರ್ಗಕ್ಕೆ ಮೊರೆಯಿಡುವ ಪಾಪಗಳೆಂದು ಧರ್ಮೋಪದೇಶ ಗ್ರಂಥ ಕೊಲೆಯ ಜೊತೆಗೇ ಪಟ್ಟಿ ಮಾಡುವುದರಲ್ಲಿ ಕೂಲಿಕಾರನಿಗೆ ಮಾಡಿದ ಅನ್ಯಾಯವೂ ಒಂದು. ಪೆನ್ನು ಕದ್ದದ್ದು ಆ ಪಟ್ಟಿಯಲ್ಲಿಲ್ಲ.

ವಿದ್ಯಾರ್ಥಿ ಏನು ಮಾಡಬೇಕು, ಸಂಬಳ ಕೊಡುವವರು ಅಪ್ಪ ಅಲ್ಲವೇ? ಪ್ರಶ್ನೆ ನ್ಯಾಯವಾದದ್ದು. ಅದೇ ಗ್ರಂಥದ 1868ನೆಯ ಪರಿಚ್ಛೇದ ಉತ್ತರಿಸುತ್ತದೆ. ಇನ್ನೊಬ್ಬರ ಪಾಪದಲ್ಲಿ ನಮಗೂ ಹೊಣೆ ಬರುವುದು ನೇರವಾಗಿ, ಮನಸಾರೆ ಪಾಲುಗೊಂಡಾಗ, ಹೇಳಿ ಮಾಡಿಸಿದಾಗ, ಸಲಹೆ ಕೊಟ್ಟಾಗ, ಹೊಗಳಿದಾಗ, ಒಪ್ಪಿಕೊಂಡಾಗ, ತಡೆಯುವ ಅಥವಾ ತಿಳಿಸುವ ಕರ್ತವ್ಯವಿದ್ದೂ ಸುಮ್ಮನಿದ್ದಾಗ, ಮಾಡಿದವರನ್ನು ಕಾಪಾಡಿದಾಗ. ಇದನ್ನು ತೋಟದ ಮನೆಗೆ ಇಳಿಸಿ ನೋಡಿ. ರಜೆಯಲ್ಲಿ ಊರಿಗೆ ಬಂದು ಲೆಕ್ಕದ ಪುಸ್ತಕ ಬರೆಯುವವನು ಡಿಗ್ರಿ ಓದುವ ಮಗನೇ. ತೂಕದಲ್ಲಿ ಕಡಿಮೆ ಹಾಕುವುದು ಅವನ ಕಣ್ಣೆದುರೇ ನಡೆದರೆ ಅವನದೂ ಪಾಲು. ಅವನಿಗೆ ಏನೂ ಗೊತ್ತೇ ಇಲ್ಲದಿದ್ದರೆ ಪಾಪವಿಲ್ಲ, ಆದರೆ ಗೊತ್ತಾದ ದಿನದಿಂದ ಕೇಳುವ ಹೊಣೆ ಇದೆ. ತನ್ನ ಕಾಲೇಜು ಫೀಸಿನ ದುಡ್ಡು ಎಲ್ಲಿಂದ ಬಂತೆಂದು ವಿಚಾರಿಸುವ ಹುಡುಗನಿಗೆ ನಾಲ್ಕನೆಯ ಆಜ್ಞೆಯ ಕೆಳಗಿನ 'ತಂದೆತಾಯಿಗೆ ಎದುರು ಮಾತಾಡಿದೆಯಾ' ಎಂಬ ಪ್ರಶ್ನೆ ಅಡ್ಡ ಬರಬಾರದು. ಈಗಿನ ಚೀಟಿಯಲ್ಲಿ ಅಡ್ಡ ಬರುತ್ತದೆ. ವಿಧೇಯತೆಗೆ ಮಿತಿ ಇದೆ, ಪಾಪ ಮಾಡೆಂದರೆ ವಿಧೇಯತೆ ಬೇಕಿಲ್ಲ ಎಂಬುದನ್ನು ಅಚ್ಚು ಹಾಕಿದವರು ಬಿಟ್ಟಿದ್ದಾರೆ.

ಜಾತಿಯ ವಿಷಯದಲ್ಲಂತೂ ಚೀಟಿ ಬಾಯೇ ಬಿಡುವುದಿಲ್ಲ. ಕ್ರೈಸ್ತರಲ್ಲಿ ಜಾತಿ ಇಲ್ಲ ಎಂಬುದು ಭಾಷಣಕ್ಕೆ ಸರಿ, ಸಂಬಂಧ ಕುದುರಿಸುವಾಗ ಬಾಮೊಣ್, ಚಾರಡಿ, ಸುದಿರ್ ಎಂಬ ಕೊಂಕಣಿ ಕ್ರೈಸ್ತರ ಜಾತಿ ಹೆಸರುಗಳು ಹೇಗೋ ಎದ್ದು ಬರುತ್ತವೆ. ದಲಿತ ಹಿನ್ನೆಲೆಯವರ ಮನೆಯಲ್ಲಿ ಊಟಕ್ಕೆ ಕೂರಲು ನೆಪ ಹುಡುಕುವವರು ನಮ್ಮಲ್ಲೂ ಇದ್ದಾರೆ. ಧರ್ಮಸಭೆಯೊಳಗೇ ಜಾತಿಭೇದ ಉಳಿದಿದೆ ಎಂದು ಭಾರತದ ಕಥೋಲಿಕ ಬಿಷಪರ ಮಂಡಳಿ ಒಪ್ಪಿಕೊಂಡು ದಲಿತ ಸಬಲೀಕರಣ ನೀತಿಯನ್ನು ಹೊರತಂದದ್ದು 2016ರಲ್ಲಿ. ಬಿಷಪರು ಬರೆದು ಒಪ್ಪಿಕೊಂಡದ್ದನ್ನು ಚರ್ಚಿನ ಬಾಗಿಲ ಚೀಟಿ ಕೇಳದೆ ಬಿಟ್ಟರೆ ಹೇಗೆ? ಐದನೆಯ ಆಜ್ಞೆಯ ಕೆಳಗೆ ಎರಡು ಸಾಲು ಸಾಕು: ಯಾರ ಜಾತಿಯನ್ನು ಆಡಿಕೊಂಡು ನಕ್ಕೆ? ಯಾರ ಮನೆಗೆ, ಯಾರ ತಟ್ಟೆಗೆ, ಯಾರ ಮದುವೆಗೆ ಜಾತಿ ನೋಡಿ ಬೆನ್ನು ಹಾಕಿದೆ?

ಇದರ ಇನ್ನೊಂದು ಮುಖ ಕಷ್ಟದ್ದು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸೌಲಭ್ಯ ಮೊದಲು ಹಿಂದೂಗಳಿಗೆ ಮಾತ್ರವಿತ್ತು, 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಬಂತು. ದಲಿತ ಕ್ರೈಸ್ತರಿಗೆ ಬಂದಿಲ್ಲ. ಶಾಲೆಯ ದಾಖಲೆಯಲ್ಲಿ ಒಂದು ಧರ್ಮ, ಜ್ಞಾನಸ್ನಾನದ ರಿಜಿಸ್ಟರಿನಲ್ಲಿ ಇನ್ನೊಂದು ಇರುವ ವಿದ್ಯಾರ್ಥಿ ಎಂಟನೆಯ ಆಜ್ಞೆಯ ಮುಂದೆ ನಿಂತಾಗ ಸುಳ್ಳು ಹೇಳಿದೆಯಾ ಎಂಬ ಪ್ರಶ್ನೆ ಅವನ ಒಬ್ಬನ ಮೇಲೆ ಪೂರ್ತಿ ಭಾರ ಹಾಕುತ್ತದೆ. ಕಟ್ಟಿದವರು ಬೇರೆ, ಸಿಕ್ಕಿಬಿದ್ದವನು ಬೇರೆ. ಪಾಪಗಳು ಸೇರಿ ವ್ಯವಸ್ಥೆಯಾಗುತ್ತವೆ, ಆ ವ್ಯವಸ್ಥೆ ತನ್ನೊಳಗೆ ಸಿಕ್ಕವರನ್ನು ಮತ್ತೆ ತಪ್ಪಿಗೆ ನೂಕುತ್ತದೆ ಎಂದು ಧರ್ಮೋಪದೇಶ ಗ್ರಂಥ 1869ನೆಯ ಪರಿಚ್ಛೇದದಲ್ಲಿ ಹೇಳುವುದು ಇಂಥದ್ದಕ್ಕೆ ಸರಿಯಾಗಿ ಹೊಂದುತ್ತದೆ. ಇದನ್ನು ನಾಲ್ಕು ಪುಟದ ಚೀಟಿ ಬಗೆಹರಿಸಲಾರದು, ಫಾದರ್ ಜೊತೆ ಕೂತು ಮಾತಾಡಬೇಕಾದ ವಿಷಯ ಎಂದಾದರೂ ಸೂಚಿಸಬಹುದು.

ವರದಕ್ಷಿಣೆಗೆ ಇಷ್ಟು ಉದ್ದ ಬೇಡ. 1961ರ ಕಾಯಿದೆಯಲ್ಲಿ ಕೊಡುವುದೂ ತೆಗೆದುಕೊಳ್ಳುವುದೂ ಎರಡೂ ಅಪರಾಧ. ಅಕ್ಕನ ಮದುವೆಗೆ ಮನೆಯವರೆಲ್ಲ ಕೂತು ಲೆಕ್ಕ ಹಾಕುವಾಗ ಮೌನವಾಗಿದ್ದ ತಮ್ಮ ನಾಳೆ ತನ್ನ ಸರದಿಗೆ ಏನು ಮಾಡುತ್ತಾನೆ ಎಂಬುದನ್ನು ಚೀಟಿ ಇವತ್ತೇ ಕೇಳಬೇಕು.

ಕಾಡು, ನೀರಿನ ವಿಷಯವೂ ಹೀಗೆ. 2015ರಲ್ಲಿ ಪೋಪ್ ಫ್ರಾನ್ಸಿಸ್ ಪರಿಸರದ ಬಗ್ಗೆ ವಿಶ್ವಪತ್ರ ಬರೆದ ಮೇಲೆ ಹೊಸ ಚೀಟಿಗಳಲ್ಲಿ 'ಪ್ರಕೃತಿಯನ್ನು ಹಾಳು ಮಾಡಿದೆಯಾ' ಎಂಬ ಸಾಲು ಸೇರಿಕೊಂಡಿದೆ. ಒಳ್ಳೆಯದೇ, ಆದರೆ ಅಷ್ಟು ಅಗಲವಾದ ಪ್ರಶ್ನೆಗೆ ಯಾರೂ ಹೌದು ಎನ್ನುವುದಿಲ್ಲ. ಹಳ್ಳಕ್ಕೆ ಕಾಫಿ ಪಲ್ಪಿಂಗ್ ನೀರು ಬಿಟ್ಟೆವಾ, ಬೋರ್ಡೋ ಔಷಧಿ ಸಿಂಪಡಿಸಿದ ಡ್ರಮ್ಮು ಎಲ್ಲಿ ತೊಳೆದೆವು ಎಂದು ಕೇಳಿದರೆ ತಲೆ ತಗ್ಗುತ್ತದೆ. ಇದು ಶರಾವತಿ ಹಿನ್ನೀರಿನ ಸೀಮೆ. ಲಿಂಗನಮಕ್ಕಿ ಅಣೆಕಟ್ಟಿಗಾಗಿ ಮನೆ ಮಠ ಬಿಟ್ಟು ಬಂದವರ ಮುಂದಿನ ತಲೆಮಾರುಗಳೂ ಜಮೀನಿನ ಹಕ್ಕಿಗಾಗಿ ಅಲೆಯುತ್ತಿರುವ ನೆಲದಲ್ಲಿ ಕರೆಂಟಿನ ದೀಪದ ಕೆಳಗೆ ಕೂತು ಓದುವವರಿಗೆ ಅವರ ಹೆಸರಿನಲ್ಲೂ ಒಂದು ಪ್ರಶ್ನೆ ಇರಬೇಕು.

ಹಿಂದಿರುಗಿಸುವ ಲೆಕ್ಕ

ಚೀಟಿಯ ಹಿಂಬದಿಯಲ್ಲಿ ಪಶ್ಚಾತ್ತಾಪದ ಜಪ ಮುಗಿದ ಮೇಲೆ ಖಾಲಿ ಜಾಗ ಇರುತ್ತದೆ. ಅಲ್ಲಿ ಬರಬೇಕಾದದ್ದು ನಷ್ಟ ತುಂಬಿಕೊಡುವ ವಿಷಯ. ಕದ್ದದ್ದನ್ನು ಹಿಂದಿರುಗಿಸಬೇಕು, ಹೆಸರು ಕೆಡಿಸಿದ್ದರೆ ಸರಿಪಡಿಸಬೇಕು, ಗಾಯಕ್ಕೆ ಪರಿಹಾರ ಕೊಡಬೇಕು ಎಂದು 1459ನೆಯ ಪರಿಚ್ಛೇದ ಹೇಳುತ್ತದೆ. ಪಾಪಕ್ಷಮೆಯಿಂದ ಪಾಪ ಹೋಗುತ್ತದೆ, ಅದು ಮಾಡಿಹೋದ ಹಾನಿ ಹಾಗೇ ಉಳಿದಿರುತ್ತದೆ. ಮೂರು ನಮೋ ಮರಿಯ ಜಪ ಹೇಳಿ ಎದ್ದು ಬಂದರೆ ಸುಲಿದವಳ ಬಾಕಿ ತೀರುವುದಿಲ್ಲ. ಸುಂಕ ವಸೂಲಿಗಾರ ಜಕ್ಕಾಯ ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದ, ಲೂಕನ 19ನೆಯ ಅಧ್ಯಾಯದಲ್ಲಿ. ನಮಗೆ ಒಂದರಷ್ಟು ಕೊಡುವುದೇ ಕಷ್ಟ.

ವಿದ್ಯಾರ್ಥಿಗಳಿಗೆ ಬರುವ ಸಂದರ್ಭಗಳು ಇವು. ಮೆಸ್ ದುಡ್ಡಿನಲ್ಲಿ, ಟ್ರಿಪ್ ದುಡ್ಡಿನಲ್ಲಿ ಹೆಚ್ಚುಕಡಿಮೆ ಮಾಡಿದ್ದರೆ ಹೆಸರು ಹೇಳದೆ ಲಕೋಟೆಯಲ್ಲಿ ಹಾಕಿ ಹಿಂದಿರುಗಿಸಿದರೂ ನಡೆಯುತ್ತದೆ. ಎಲ್ಲರೆದುರು ಒಪ್ಪಿಕೊಳ್ಳಲೇಬೇಕೆಂಬ ನಿಯಮವಿಲ್ಲ, ಹಣ ಮುಟ್ಟಬೇಕು. ಯಾರದೆಂದು ತಿಳಿಯದಿದ್ದರೆ ಬಡವರಿಗೆ ಸೇರಿಸುವುದು ಹಳೆಯ ಪದ್ಧತಿ. ಸುಳ್ಳು ಆದಾಯ ಪತ್ರ ಕೊಟ್ಟು ವಿದ್ಯಾರ್ಥಿವೇತನ ತೆಗೆದುಕೊಂಡಿದ್ದರೆ ಮುಂದಿನ ವರ್ಷದ ಅರ್ಜಿಯನ್ನು ಮೊದಲು ನಿಲ್ಲಿಸಬೇಕು, ಪಡೆದದ್ದರ ಬಗ್ಗೆ ಫಾದರ್ ಹೇಳಿದಂತೆ. ಯಾರದೋ ಫೋಟೋ, ಯಾರದೋ ಮಾತು ಗುಂಪಿನಲ್ಲಿ ಹಂಚಿದ್ದರೆ ಅದನ್ನು ಅಳಿಸಿದ್ದು ಅರ್ಧ ಕೆಲಸ. ಯಾವ ಗುಂಪಿನಲ್ಲಿ ಹಾಕಿದ್ದಿರೋ ಅದೇ ಗುಂಪಿನಲ್ಲಿ ಅದು ಸುಳ್ಳೆಂದು ಬರೆಯಬೇಕು. ಮಾತು ನಿಜವೇ ಆಗಿದ್ದು ಗುಟ್ಟು ಬಯಲಾಗಿದ್ದರೆ ಮತ್ತೆ ಬರೆದು ಎಳೆಯಬೇಡಿ, ಆ ವ್ಯಕ್ತಿಯ ಬಳಿಗೇ ಹೋಗಿ.

ಪರೀಕ್ಷೆಯಲ್ಲಿ ನಕಲು ಮಾಡಿದ್ದು ಬೇರೆಯೇ ತೊಡಕು. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗಳೂ ತಪಸ್ಸುಕಾಲವೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ವೆಬ್‌ಕಾಸ್ಟಿಂಗ್ ಬಂದ ಮೇಲೆ ಬೋರ್ಡ್ ಪರೀಕ್ಷೆಗಳಲ್ಲಿ ಬಿಗಿಯಾಗಿದೆ, ಡಿಗ್ರಿಯ ಇಂಟರ್ನಲ್ಸ್ ಮತ್ತು ಪ್ರಾಜೆಕ್ಟ್ ವರದಿಗಳಲ್ಲಿ ಹಳೆಯ ಕಥೆಯೇ. ಅಂಕವನ್ನು ಹಿಂದಿರುಗಿಸುವ ಕೌಂಟರ್ ಯಾವ ಕಾಲೇಜಿನಲ್ಲೂ ಇಲ್ಲ. ಆದರೆ ನರ್ಸಿಂಗ್, ಫಾರ್ಮಸಿ ಓದುವವರು ನಕಲು ಮಾಡಿ ದಾಟಿದ ಪಾಠವನ್ನು ಕೂತು ಕಲಿಯುವುದೇ ತುಂಬಿಕೊಡುವ ದಾರಿ, ಏಕೆಂದರೆ ಹಾನಿ ಆಗುವುದು ಮುಂದೆ ಬರುವ ರೋಗಿಗೆ.

ಪ್ರಾಯಶ್ಚಿತ್ತ ಪಾಪಕ್ಕೆ ತಕ್ಕದಾಗಿರಬೇಕೆಂದು ಕಾನೂನೇ ಹೇಳುತ್ತದೆ. ಫಾದರ್ ಬರೀ ಜಪ ಕೊಟ್ಟರೆ, ಇಂಥ ಹಾನಿ ಮಾಡಿದ್ದೇನೆ, ತುಂಬಿಕೊಡಲು ಏನು ಮಾಡಲಿ ಎಂದು ನೀವೇ ಕೇಳಬಹುದು. ಬಹಳ ಜನರಿಗೆ ಹೀಗೆ ಕೇಳಬಹುದೆಂದು ಗೊತ್ತಿಲ್ಲ. ಸಾಲು ಉದ್ದವಿದ್ದರೆ ಉತ್ತರವೂ ಗಿಡ್ಡವಾಗಿರುತ್ತದೆ, ಅದಕ್ಕೇ ಪವಿತ್ರ ವಾರದ ನೂಕುನುಗ್ಗಲಿಗೆ ಕಾಯಬೇಡಿ.

ಆ್ಯಪ್, ನೋಟ್‌ಬುಕ್, ಪಕ್ಕದ ಚರ್ಚು

2011ರಲ್ಲಿ ಅಮೆರಿಕದಲ್ಲಿ ಬಿಷಪರೊಬ್ಬರ ಅನುಮತಿಯೊಂದಿಗೆ ಪಾಪನಿವೇದನೆಯ ಸಿದ್ಧತೆಗೆ ಐಫೋನ್ ಆ್ಯಪ್ ಬಂತು. ಆ್ಯಪಿನ ಮೂಲಕ ಪಾಪನಿವೇದನೆ ಮಾಡಲಾಗದು ಎಂದು ವ್ಯಾಟಿಕನ್ ವಕ್ತಾರರು ಆಗಲೇ ಸ್ಪಷ್ಟ ಮಾಡಿದರು. ಸಿದ್ಧತೆಗೆ ಬಳಸಲು ಅಡ್ಡಿಯಿಲ್ಲ. ವಯಸ್ಸು, ವೃತ್ತಿಗೆ ತಕ್ಕಂತೆ ಪ್ರಶ್ನೆ ಬದಲಾಗುವುದು ಇಂಥ ಆ್ಯಪ್‌ಗಳ ದೊಡ್ಡ ಗುಣ, ಕಾಗದದ ಚೀಟಿಗೆ ಅದು ಸಾಧ್ಯವಿಲ್ಲ. ಆದರೆ ಅವುಗಳ ಪ್ರಶ್ನೆಗಳು ಬೇರೆ ಸೀಮೆಯ ಬದುಕಿಗೆ ಹೊಲಿದವು, ಮುಂಗಡದ ಲೆಕ್ಕ, ಸುಲಿತದ ಕೂಲಿ ಅವುಗಳಿಗೆ ತಿಳಿಯದು. ಇನ್ನೊಂದು ತೊಂದರೆ ಗುಟ್ಟಿನದು. ಫೋನಿನ ನೋಟ್ಸಿನಲ್ಲಿ ಬರೆದ ಪಾಪಗಳು ಗೂಗಲ್ ಖಾತೆಗೆ ಬ್ಯಾಕಪ್ ಆಗಿಬಿಡಬಹುದು. ಅದೇ ಖಾತೆ ಮನೆಯ ಟ್ಯಾಬಿನಲ್ಲೂ ತೆರೆದಿದ್ದರೆ ತಂಗಿ ಓದುತ್ತಾಳೆ. ಫಾದರಿಗೆ ಇರುವ ಮುದ್ರೆ ಗೂಗಲಿಗಿಲ್ಲ. ಬರೆಯಲೇಬೇಕಿದ್ದರೆ ಕಾಗದದ ತುಂಡಿನಲ್ಲಿ, ನಿಮಗೆ ಮಾತ್ರ ತಿಳಿಯುವ ಅಕ್ಷರ ಗುರುತಿನಲ್ಲಿ. ಮುಗಿದ ಮೇಲೆ ಹರಿದುಹಾಕಿ. ಚರ್ಚಿನ ಬೆಂಚಿನ ಮೇಲೆ ಬಿಟ್ಟು ಹೋಗುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ.

ಸಿಎಸ್‌ಐ (ದಕ್ಷಿಣ ಭಾರತ ಸಭೆ) ಮತ್ತಿತರ ಪ್ರೊಟೆಸ್ಟಂಟ್ ಸಭೆಗಳ ವಿದ್ಯಾರ್ಥಿ ಬಳಗಗಳಲ್ಲೂ ಈ ಚೀಟಿ ಕೈಯಿಂದ ಕೈಗೆ ಹೋಗುತ್ತದೆ. ಅವರು ಎರಡು ವಿಷಯ ಗಮನಿಸಬೇಕು. ಮೊದಲನೆಯದು ಅಂಕಿಯ ಗೊಂದಲ. ಹತ್ತು ಆಜ್ಞೆಗಳ ಎಣಿಕೆ ಎರಡೂ ಕಡೆ ಒಂದೇ ಅಲ್ಲ. ಕಥೋಲಿಕರಿಗೆ ತಂದೆತಾಯಿಯನ್ನು ಗೌರವಿಸುವುದು ನಾಲ್ಕನೆಯದು, ಸಿಎಸ್‌ಐನವರಿಗೆ ಐದನೆಯದು. ಅಲ್ಲಿಂದ ಮುಂದೆ ಒಂದೊಂದು ಅಂಕಿ ಜರುಗುತ್ತದೆ. ಎರಡನೆಯದು, ಅಲ್ಲಿ ಗುರುಗಳ ಮುಂದೆ ಒಬ್ಬೊಬ್ಬರೇ ಹೇಳುವ ಕಡ್ಡಾಯವಿಲ್ಲದ್ದರಿಂದ ಗೆಳೆಯರ ಗುಂಪಿನಲ್ಲಿ ಪರಸ್ಪರ ಹೇಳಿಕೊಳ್ಳುವ ರೂಢಿ ಇದೆ. ಯಾಕೋಬನ 5:16ರ ಆಧಾರ ಅದಕ್ಕಿದೆ. ಆದರೆ ಗೆಳೆಯರನ್ನು ಯಾವ ಮುದ್ರೆಯೂ ಕಟ್ಟಿಹಾಕುವುದಿಲ್ಲ. ಇನ್ನೊಬ್ಬರ ಮಾನಕ್ಕೆ ಸಂಬಂಧಿಸಿದ್ದನ್ನು ಅಲ್ಲಿ ಬಿಚ್ಚಬಾರದು.

ಮರುಮುದ್ರಣ ಮಾಡುವವರಿಗೆ

ಧರ್ಮಕೇಂದ್ರದ ಯುವಜನರೇ ಇದನ್ನು ಮತ್ತೆ ಅಚ್ಚು ಹಾಕಿಸುವುದಾದರೆ ನಾಲ್ಕು ಪುಟದಲ್ಲೇ ಜಾಗ ಹೊಂದುತ್ತದೆ. ಮುಖಪುಟದ ಚಿತ್ರ ಚಿಕ್ಕದಾಗಲಿ, ಅಲ್ಲಿ ಘೋರ ಪಾಪದ ಮೂರು ಷರತ್ತು ಬರಲಿ. ಒಳಗಿನ ಪ್ರಶ್ನೆಗಳಲ್ಲಿ ಪುನರಾವರ್ತನೆ ಬಹಳ, ಅರ್ಧಕ್ಕೆ ಇಳಿಸಬಹುದು. ಕಲಿಕೆ, ಕೂಲಿ, ಜಾತಿ, ಮೊಬೈಲು ಎಂಬ ನಾಲ್ಕು ತಲೆಬರಹದಲ್ಲಿ ಎರಡೆರಡು ಪ್ರಶ್ನೆ ಸೇರಿಸಿ. ಎಲ್ಲ ಪ್ರಶ್ನೆಗಳಿಗೂ ಮಾಡಿದೆಯಾ ಎಂಬ ಒಂದೇ ಬಾಲ ಬೇಡ. ಬಲಿಪೂಜೆಯ ಆರಂಭದಲ್ಲಿ ಮಾಡದೆ ಬಿಟ್ಟದ್ದಕ್ಕೂ ಕ್ಷಮೆ ಕೇಳುತ್ತೇವಲ್ಲ, ಆ ಪ್ರಶ್ನೆಗಳೂ ಬರಲಿ: ಯಾವುದನ್ನು ಕಂಡೂ ಸುಮ್ಮನಿದ್ದೆ, ಯಾರ ನಷ್ಟದಿಂದ ನನಗೆ ಲಾಭವಾಯಿತು. ಹಿಂಬದಿಯ ಜಪದ ಕೆಳಗೆ ನಷ್ಟ ತುಂಬುವ ನಾಲ್ಕು ಸಾಲು, ಎರಡು ಸಹಾಯವಾಣಿ ಸಂಖ್ಯೆ. ಅಕ್ಷರ ಹನ್ನೆರಡು ಪಾಯಿಂಟಿಗಿಂತ ಕಡಿಮೆ ಬೇಡ, ಸಂಜೆ ಹೊತ್ತಿನ ಚರ್ಚಿನ ಮಂದ ಬೆಳಕಿನಲ್ಲಿ ಈಗಿನ ಅಚ್ಚು ಓದಲಾಗುವುದಿಲ್ಲ. ಕರಡನ್ನು ಅಚ್ಚಿಗೆ ಕೊಡುವ ಮುಂಚೆ ಫಾದರಿಗೆ ತೋರಿಸಿ. ಜೊತೆಗೆ ತೋಟಕ್ಕೆ ಕೂಲಿಗೆ ಹೋಗುವ ಮನೆಯ ಒಬ್ಬ ಹುಡುಗಿಗೂ ಒಬ್ಬ ಹುಡುಗನಿಗೂ ತೋರಿಸಿ, ಏಳನೆಯ ಆಜ್ಞೆಯ ಪ್ರಶ್ನೆಗಳನ್ನು ಅವರೇ ತಿದ್ದಲಿ. ವಿಭೂತಿ ಬುಧವಾರಕ್ಕೆ ಹದಿನೈದು ದಿನ ಮೊದಲು ಪ್ರೆಸ್ಸಿಗೆ ಕೊಟ್ಟರೆ ಪಿಯುಸಿ ಪರೀಕ್ಷೆ ಮುಗಿಸಿ ಮಕ್ಕಳು ಊರಿಗೆ ಹೊರಡುವುದರೊಳಗೆ ಕೈಗೆ ಸಿಗುತ್ತದೆ.